ಹುರುಳಿಯ ಬಟ್ಟಲು

ಪುರಸೈವಾಕ್ಕಂನ ನಮ್ಮ ಬೀದಿಯಲ್ಲಿ ಹೋಟೆಲು ನಡೆಸುತ್ತಿದ್ದ ಯಜಮಾನರು ಉಡುಪಿ ಕಡೆಯವರು. ಊರಿನ ಮನೆಯಲ್ಲಿ ಕಂಬಳದ ಕೋಣ ಸಾಕಿದವರು. ಮದರಾಸಿಗೆ ಬಂದ ಮೇಲೆ ಅವರಿಗೆ ಬ್ಯಾಸ್ಕೆಟ್‌ಬಾಲಿನ ಹುಚ್ಚು ಹಿಡಿಯಿತು. ಅದಕ್ಕೆ ಕಾರಣ ನಮ್ಮ ಬೀದಿಯದೇ ಹುಡುಗ, ಕಾಲೇಜು ತಂಡದ ಸೆಂಟರ್. ಬುಟ್ಟಿಯ ಕೆಳಗೆ ಅವನು ಕೈ ಎತ್ತಿದರೆ ಚೆಂಡು ಇನ್ನೊಬ್ಬರಿಗೆ ಸಿಗುತ್ತಿರಲಿಲ್ಲ. ಆದರೆ ಒಂದು ವರ್ಷ ಪಾದ ಉಳುಕಿದರೆ ಮರುವರ್ಷ ಮಂಡಿ.

"ಎಂತ ಕಾಲು ಮಾರಾಯ ನಿಂದು!" ಎಂದು ಯಜಮಾನರು ಗಲ್ಲಾದ ಮುಚ್ಚಳ ಬಡಿಯುತ್ತಿದ್ದರು. ಬಡಿದ ಕೈಯಿಂದಲೇ ಬೇಯಿಸಿದ ಹುರುಳಿಯ ಬಟ್ಟಲನ್ನು ಅವನ ಮುಂದೆ ತಳ್ಳುತ್ತಿದ್ದರು. ಕೋಣಕ್ಕೆ ಕೊಡುವ ಹಾಗೆಯೇ, ಉಪ್ಪಿಲ್ಲ, ಒಗ್ಗರಣೆಯಿಲ್ಲ. ಅವನು ತಮಿಳಿನಲ್ಲಿ "ವೇಂಡಾಂ ಮಾಮಾ", ಬೇಡ ಮಾಮಾ, ಎಂದು ಮುಖ ಕಿವುಚುತ್ತಲೇ ತಿಂದು ಮುಗಿಸುತ್ತಿದ್ದ.

ಆ ವರ್ಷ ಫೈನಲಿಗೆ ಮೊದಲೇ ಅವನ ಮಂಡಿ ಮತ್ತೆ ಕೈಕೊಟ್ಟಿತು. ತಂಡ ಸೋತಿತು. ಮರುದಿನ ಅವನು ಕೋಲೂರಿಕೊಂಡು ಹೋಟೆಲಿಗೆ ಬಂದಾಗ ನಾವೆಲ್ಲ ಮುಖ ತಿರುಗಿಸಿದೆವು. ಯಜಮಾನರು ಮಾತ್ರ, "ಎಂತ ಕಾಲು ಮಾರಾಯ ನಿಂದು!" ಎಂದು ಎದ್ದು ಒಳಗೆ ಹೋಗಿ ಹುರುಳಿ ತಂದರು.

ನನ್ನ ಜೊತೆ ಕಾಫಿ ಕುಡಿಯುತ್ತಿದ್ದ ಗೆಳೆಯನಿಗೆ ತಡೆಯಲಾಗಲಿಲ್ಲ. "ಇವನನ್ನ ನಂಬಿ ಕೆಟ್ವಿ. ಇನ್ನೂ ಯಾಕೆ ಸ್ವಾಮಿ ಇವನಿಗೆ ಹುರುಳಿ?"

ಯಜಮಾನರು ಬಟ್ಟಲನ್ನು ಇಡೀ ಬೀದಿಗೆ ಕಾಣುವ ಬಾಗಿಲ ಬಳಿಯ ಮೇಜಿನ ಮೇಲಿಟ್ಟು, ಹುಡುಗನನ್ನು ತೋಳು ಹಿಡಿದು ಅಲ್ಲಿ ಕೂರಿಸಿದರು.

"ಓಡದ ವರ್ಷ ಕೋಣಕ್ಕೆ ಹುರುಳಿ ನಿಲ್ಲಿಸ್ಲಿಕ್ಕುಂಟಾ ಮಾರಾಯ್ರೆ? ಅದು ನಮ್ಮ ಮನೆಯ ಕೋಣ."

ಆ ದಿನ ಹುಡುಗ "ವೇಂಡಾಂ" ಎನ್ನಲಿಲ್ಲ.