ಅಂಚಿಲ್ಲದ ಬಾಳೆ ಎಲೆಗಳು

ಇದು ನಡೆದದ್ದು ಹೋದ ವರ್ಷದ ಮಳೆಗಾಲದಲ್ಲಿ. ಕಲಬುರಗಿಯ ಬ್ರಹ್ಮಪುರದಲ್ಲಿ, ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕೂತು ನಾನು ಪಿಎಚ್‌ಡಿ ಪ್ರಬಂಧಗಳನ್ನು ಲೇಟೆಕ್‌ನಲ್ಲಿ ಜೋಡಿಸಿಕೊಡುತ್ತೇನೆ. ಪುಟ ಹೇಗೆ ಕಾಣಬೇಕೆಂದು ಆಜ್ಞೆಗಳಲ್ಲಿ ಬರೆಯುವ ತಂತ್ರಾಂಶ ಅದು.

ಕಮಲಾಪುರದ ಶಹನಾಜ್ ಬೆಳಗಿನ ಬಸ್ಸಿಗೆ ಬಂದಳು. ಅವರೂರಿನ ಕೆಂಪು ಬಾಳೆಯ ಎಲೆರೋಗ ಅವಳ ವಿಷಯ. ರೋಗ ಎಲೆಯ ಅಂಚಿನಿಂದಲೇ ಶುರುವಾಗುತ್ತದೆ ಎಂಬುದು ಅವಳ ಶೋಧ. ಆದರೆ ಅವಳು ತಂದ ಪ್ರತಿಯ ಫೋಟೊಗಳಲ್ಲಿ ಎಲೆಗಳಿಗೆ ಅಂಚೇ ಇರಲಿಲ್ಲ. ನಡುವಿನ ಹಸಿರು ಮಾತ್ರ. ಮರುದಿನವೇ ಪ್ರಬಂಧ ಸಲ್ಲಿಸಬೇಕು.

“ಬಸವರಾಜ ಕತ್ತರಿಸ್ಯಾನ್ರೀ ಅಕ್ಕಾರ,” ಎಂದಳು. ಬಸವರಾಜ ಅವಳ ಲ್ಯಾಬಿನ ಜೊತೆಗಾರ, ಪ್ರಬಂಧ ಜೋಡಿಸಲು ತನ್ನದೇ ಫೈಲನ್ನು ಮಾದರಿಯಾಗಿ ಕೊಟ್ಟವನು. “ಅವನೂ ಬಾಳೀ ಮ್ಯಾಲೇ ಕೆಲಸ ಮಾಡಾಕತ್ತಾನ. ಗೈಡ್ ಸರ್‌ಗೆ ಇವತ್ತೇ ಹೇಳ್ತೇನಿ.”

“ಮೊದಲ ಚಹಾ ಕುಡಿ. ಸಂಜಿಗೂ ಹೇಳಬಹುದು.”

ಚಿತ್ರ ಸೇರಿಸಲು ಲೇಟೆಕ್‌ನಲ್ಲಿ ಹೆಚ್ಚುಕಮ್ಮಿ ಒಂದೇ ಹೆಸರಿನ ಎರಡು ಪ್ಯಾಕೇಜುಗಳಿವೆ, ಅಂದರೆ ಸಿದ್ಧ ಆಜ್ಞೆಗಳ ಕಟ್ಟುಗಳು. graphics ಹಳೆಯ ರೀತಿಯದು. graphicx ಅದರ ಮೇಲೆಯೇ ಕಟ್ಟಿದ್ದು. ಇದರಲ್ಲಿ ಅಗಲ, ಎತ್ತರ ಎಂದು ಹೆಸರಿಟ್ಟು ಹೇಳಬಹುದು. ಅವಳ ಫೈಲಿನಲ್ಲಿ ಹಳೆಯದಿತ್ತು. ಅದನ್ನು ತೆಗೆದು graphicx ಹಾಕಿದೆ. ಅಂಚು ಬರಲಿಲ್ಲ. ಈಗ ಬಸವರಾಜನ ಮೇಲೆ ನನಗೂ ಅನುಮಾನ ಬಂತು.

ಮೂಲ ಫೋಟೊ ತೆರೆದೆ. ಅಂಚು, ಅದರ ಕಂದು ಚುಕ್ಕೆ, ಎಲ್ಲ ಇದ್ದವು. ಕತ್ತರಿ ಇದ್ದದ್ದು ಫೈಲಿನಲ್ಲಿ. ಚಿತ್ರ ಸೇರಿಸುವ ಆಜ್ಞೆಯ ಸಾಲನ್ನು ಓದಿದೆ: ಒಂದು ನಕ್ಷತ್ರ ಚಿಹ್ನೆ, ಎರಡು ಚೌಕ ಆವರಣ, ಒಳಗೆ ಮೂಲೆಗಳ ಅಳತೆ. ಇಷ್ಟನ್ನೇ ತೋರಿಸು, ಉಳಿದದ್ದು ಕತ್ತರಿಸು ಎಂಬ ಹಳೆಯ ಆಜ್ಞೆ. ಹೊಸ ಪ್ಯಾಕೇಜೂ ಆ ಹಳೆಯ ಬರಹವನ್ನು ಚಾಚೂ ತಪ್ಪದೆ ಪಾಲಿಸುತ್ತದೆ.

“ಬೇಕಂತನ ಬರದಾನ,” ಎಂದಳು ಶಹನಾಜ್.

ಬಸವರಾಜನ ಮಾದರಿ ಫೈಲನ್ನೇ ತೆರೆಸಿದೆ. ಅದೇ ಸಾಲು, ಅವೇ ಅಂಕಿ. ಚಿತ್ರ ಮಾತ್ರ ಅವನ ಗ್ರಾಫು. ಅದರ ಸುತ್ತಲಿನ ಖಾಲಿ ಬಿಳಿ ಜಾಗ ತೆಗೆಯಲು ಹಾಗೆ ಬರೆದುಕೊಂಡಿದ್ದ.

“ನೀ ಇದರಾಗ ಏನೇನು ಬದಲಿಸಿದಿ?”

“ಫೋಟೊದ ಹೆಸರಷ್ಟೇ ರೀ.” ಅವಳ ದನಿ ಇಳಿಯಿತು.

ನಕ್ಷತ್ರ, ಆವರಣಗಳನ್ನು ತೆಗೆದು ಅಗಲವನ್ನಷ್ಟೇ ಬರೆದೆ. ಅಂಚುಗಳು ಬಂದವು. ಆದರೂ ಅವಳಿಗೆ ನಂಬಿಕೆಯಿಲ್ಲ. ಮೂಲ ಫೋಟೊಗಳನ್ನು ಪಕ್ಕದಲ್ಲಿಟ್ಟು ಒಂದೊಂದನ್ನೂ ತಾಳೆ ನೋಡುತ್ತ ಕೂತಳು. ಅಷ್ಟರಲ್ಲಿ ಬಸವರಾಜನ ಫೋನು. ಸ್ಪೀಕರಿಗೆ ಹಾಕಿದಳು.

“ಏನ್ ಶಹನಾಜ್, ಫೋಟೊ ಕೂತ್ವೇನು?”

“ಕೂತ್ವು. ನಿನ್ನ ಕತ್ರಿ ನೀನೇ ಇಟ್ಕೋ.”

“ಯಾವ ಕತ್ರಿ?”

ಅವಳು ನನ್ನ ಮುಖ ನೋಡಿದಳು. “ಬಂದು ಹೇಳ್ತೇನಿ,” ಎಂದು ಫೋನಿಟ್ಟಳು. ಸಂಜೆಯಾದರೂ ಗೈಡ್‌ಗೆ ಹೇಳುವ ಮಾತು ಎತ್ತಲಿಲ್ಲ.

ಇನ್ನೊಬ್ಬರ ಫೈಲು ಕೈಗೆ ಬಂದರೆ ಇವತ್ತಿಗೂ ನಾನು ಅನುಮಾನ ಪಡುತ್ತೇನೆ. ಆದರೆ ಮೊದಲು ಸಾಲಿನ ಮೇಲೆ, ಆಮೇಲೆ ಮನುಷ್ಯರ ಮೇಲೆ.