ಇಂಟರ್‌ವಲ್ ಆದಮೇಲೆ ಕಾಣದ ಮಕ್ಕಳು

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಳೆಯ ಕೌಟುಂಬಿಕ ಚಿತ್ರ ನೋಡುವಾಗ ಅಳಬೇಕಾದ ಜಾಗದಲ್ಲಿ ನನಗೆ ಅಳು ಬರುವುದಿಲ್ಲ. ಅಣ್ಣತಮ್ಮಂದಿರು ಮನೆ ಭಾಗ ಮಾಡಿಕೊಳ್ಳುತ್ತಿರುತ್ತಾರೆ, ಹಿರಿಸೊಸೆ ದೇವರ ಮುಂದೆ ಕೈಮುಗಿದು ನಿಂತಿರುತ್ತಾಳೆ, ನನ್ನ ಪಕ್ಕದಲ್ಲಿ ನಮ್ಮತ್ತೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿರುತ್ತಾರೆ. ನಾನು ಮಾತ್ರ ಹಿಂದೆ ಕಂಬದ ಪಕ್ಕ ನಿಂತ ಮಗುವನ್ನು ನೋಡುತ್ತಿರುತ್ತೇನೆ. ಅದರ ಒಂದು ಕಾಲುಚೀಲ ಜಾರಿರುತ್ತದೆ. ಇಷ್ಟು ದೊಡ್ಡ ಮನೆ, ಇಷ್ಟು ಜನ, ಒಬ್ಬರಾದರೂ ಬಗ್ಗಿ ಅದನ್ನು ಮೇಲಕ್ಕೆ ಎಳೆಯಬಾರದೇ ಎಂದು ಚಡಪಡಿಸುವಷ್ಟರಲ್ಲಿ ದುಃಖದ ಹಾಡು ಮುಗಿದೇ ಹೋಗಿರುತ್ತದೆ.

ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಟಿವಿಯಲ್ಲಿ ಇಂಥ ಚಿತ್ರ ಬರುವುದೂ, ಅತ್ತೆ ಎಲೆಅಡಿಕೆ ತಟ್ಟೆ ಎಳೆದುಕೊಂಡು ಕೂರುವುದೂ ನಿತ್ಯದ ಕ್ರಮ. ಕೂತು ಕೂತು ಸಿನಿಮಾ ಮಕ್ಕಳ ಹಣೆಬರಹ ನನಗೆ ಬಾಯಿಪಾಠವಾಗಿದೆ. ನಾಯಕನಾಗುವ ಹುಡುಗನಿಗೆ ಚಿಂತೆಯಿಲ್ಲ. ಓಡುತ್ತ ಓಡುತ್ತ ಅವನ ಕಾಲು ದೊಡ್ಡದಾಗಿ, ಪ್ಯಾಂಟು ಉದ್ದವಾಗಿ, ಮೀಸೆ ಬಂದುಬಿಡುತ್ತದೆ. ಆದರೆ ಅವನ ಹಿಂದೆಯೇ ಓಡುತ್ತಿದ್ದ ತಂಗಿ ಏನಾದಳು? ಇಂಟರ್‌ವಲ್ ಆದಮೇಲೆ ಅವಳ ಹೆಸರನ್ನೂ ಯಾರೂ ಎತ್ತುವುದಿಲ್ಲ. ಇನ್ನೊಂದು ಮಗು ಇರುವುದೇ ಜ್ವರ ಬರಿಸಿಕೊಳ್ಳುವುದಕ್ಕೆ. ಅದಕ್ಕೆ ಜ್ವರ ಬಂದರೆ ಬೇರೆಯಾದ ಅಣ್ಣತಮ್ಮಂದಿರು ಒಂದಾಗುತ್ತಾರೆ, ಅತ್ತಿಗೆ ನಾದಿನಿ ತಬ್ಬಿಕೊಳ್ಳುತ್ತಾರೆ. ತಬ್ಬಿಕೊಂಡ ಮೇಲೆ ಜ್ವರ ಬಿಟ್ಟಿತೋ ಇಲ್ಲವೋ ತೋರಿಸಬೇಕೆಂದು ಯಾವ ನಿರ್ದೇಶಕನಿಗೂ ಅನ್ನಿಸಿದ ಹಾಗಿಲ್ಲ.

ನನಗೆ ಈ ಕಣ್ಣು ಬಂದದ್ದು ಚಿಂತಾಮಣಿಯ ಕಾನ್ವೆಂಟಿನಲ್ಲಿ ಇರಬೇಕು. ಕ್ರಿಸ್‌ಮಸ್ ನಾಟಕದಲ್ಲಿ ವರ್ಷ ವರ್ಷವೂ ನನಗೆ ಕುರಿಯ ಪಾತ್ರ. ಬೆಳ್ಳಗಿದ್ದವರು ದೇವದೂತರಾದರು, ಗಂಟಲಿದ್ದವರು ರಾಜರಾದರು. ಮೆತ್ತಗಿದ್ದವಳು ನಾನು, ಹತ್ತಿ ಅಂಟಿಸಿಕೊಂಡು ಹುಲ್ಲಿನ ಪಕ್ಕ ಮಂಡಿಯೂರಿದೆ. ಕುರಿಗೆ ಮಾತಿಲ್ಲ. ಆದರೆ ಕುರಿ ಕೂತ ಕಡೆಯಿಂದ ರಾಜರ ಅಂಗಿಯ ಹಿಂದಿನ ಪಿನ್ನುಗಳೆಲ್ಲ ಕಾಣುತ್ತವೆ. ಸಿಸ್ಟರ್ ನನ್ನನ್ನು ‘ಗುಡ್ ಗರ್ಲ್’ ಎನ್ನುತ್ತಿದ್ದರು. ಅಲ್ಲಾಡದೆ ಇದ್ದದ್ದಕ್ಕೆ.

ಈ ಚಿತ್ರಗಳಲ್ಲೆಲ್ಲ ನನಗೆ ನೋಡಲಾಗದ್ದು ಒಂದೇ ದೃಶ್ಯ. ಹಿರಿಸೊಸೆಗೆ ಮಕ್ಕಳಿಲ್ಲ. ಕಿರಿಸೊಸೆ ತನ್ನ ಮಗುವನ್ನು ತಂದು, “ಇವತ್ತಿನಿಂದ ಇದು ನಿಮ್ಮದೇ ಅಕ್ಕಾ” ಎಂದು ಮಡಿಲಿಗೆ ಹಾಕುತ್ತಾಳೆ. ಪಿಟೀಲು ಮೊರೆಯುತ್ತದೆ. ಕ್ಯಾಮೆರಾ ಒಬ್ಬ ತಾಯಿಯ ಕಣ್ಣೀರಿನಿಂದ ಇನ್ನೊಬ್ಬ ತಾಯಿಯ ಕಣ್ಣೀರಿಗೆ ಹೋಗುತ್ತದೆ. ಮಗುವಿನ ಕಡೆ ಹೋಗುವುದೇ ಇಲ್ಲ. ತಪ್ಪಿ ಅರೆಗಳಿಗೆ ಕಂಡರೆ, ಅದು ಇಬ್ಬರನ್ನೂ ನೋಡದೆ ಪಕ್ಕಕ್ಕೆ ಎಲ್ಲೋ ನೋಡುತ್ತಿರುತ್ತದೆ. ಅಲ್ಲಿ, ಕ್ಯಾಮೆರಾದ ಆಚೆ, ನಟಿಸಲು ಬಂದ ಆ ಮಗುವಿನ ನಿಜವಾದ ಅಮ್ಮ ಬಿಸ್ಕತ್ತು ಹಿಡಿದು ನಿಂತಿರಬೇಕು. ಇದೇನು ಸಿನಿಮಾದವರು ಕಂಡುಹಿಡಿದದ್ದಲ್ಲ ಬಿಡಿ. ಗಂಡುಮಕ್ಕಳಿಗಾಗಿ ಯಾಗ ಮಾಡಿದ ಪುರಾಣದ ರಾಜನೊಬ್ಬನಿಗೆ ಅದಕ್ಕೂ ಮೊದಲು ಮಗಳೊಬ್ಬಳಿದ್ದಳಂತೆ. ಮಕ್ಕಳಿಲ್ಲದ ಗೆಳೆಯನಿಗೆ ಕೊಟ್ಟುಬಿಟ್ಟನಂತೆ. ಹರಿಕಥೆಯ ದಾಸರು ಒಂದು ಉಸಿರಿನಲ್ಲಿ ಇದನ್ನು ಹೇಳಿ ಯಾಗಕ್ಕೆ ಹೋಗಿಬಿಟ್ಟಿದ್ದರು. ಮನೆ ಬಿಟ್ಟು ಹೋಗುವಾಗ ಆ ಹುಡುಗಿ ಏನು ಅಂದಳು ಎಂದು ನಾನು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಮಂಗಳಾರತಿ.

ಇಷ್ಟೆಲ್ಲ ತಿಳಿದವಳ ಮಡಿಲಿಗೇ ಅಂಥದೊಂದು ಮಗು ಬಂದರೆ ಅವಳೇನು ಮಾಡುತ್ತಾಳೆ? ಸುಮ್ಮನೆ ಮಡಿಲು ಒಡ್ಡುತ್ತಾಳೆ. ನಾನೂ ಒಡ್ಡಿದೆ.

ಪಾವನಿ ನನ್ನ ಮೈದುನ ಮುನಿರಾಜುವಿನ ಮಗಳು. ಒಂಬತ್ತು ವರ್ಷ. ದಿಬ್ಬೂರಹಳ್ಳಿಯಲ್ಲಿ ಅವರದು ರೇಷ್ಮೆಹುಳು ಸಾಕುವ ಮನೆ. ಹುಳುವಿನದೂ ಮನುಷ್ಯರದೂ ಒಂದೇ ಸೂರು, ನಡುವೆ ಒಂದು ಗೋಡೆ. ಹುಳುವಿಗೆ ರೋಗ ಬರಬಾರದೆಂದು ಸುಣ್ಣದ ಪುಡಿ ಎರಚುತ್ತಾರೆ, ಬ್ಲೀಚಿಂಗ್ ಪೌಡರ್ ಹೊಡೆಯುತ್ತಾರೆ. ಅದು ಪಾವನಿಯ ಎದೆಗೆ ಆಗದು, ಉಬ್ಬಸ ಬರುತ್ತದೆ. ಉಬ್ಬಸಕ್ಕೆ ಎದೆಗೆ ಮುಲಾಮು ತಿಕ್ಕೋಣವೆಂದರೆ ಆ ವಾಸನೆ ಹುಳುವಿಗೆ ಆಗದು. ಹುಳುವೋ ಹುಡುಗಿಯೋ ಎಂದಾಗ ಹುಡುಗಿಯನ್ನು ಬಸ್ಸಿಗೆ ಹತ್ತಿಸುವುದೇ ಸುಲಭ. ಹುಳುವನ್ನು ಹತ್ತಿಸಲಾಗುವುದಿಲ್ಲವಲ್ಲ. ಹೀಗೆ ಪ್ರತಿ ಬೆಳೆಗೂ, ಹುಳು ಬಂದಾಗ ಅವಳು ನಮ್ಮ ಮನೆಗೆ. ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋದ ದಿನ ಅವಳಪ್ಪ ಬಂದು ಕರೆದುಕೊಂಡು ಹೋಗುವುದು. ವರ್ಷಕ್ಕೆ ಅದೆಷ್ಟೋ ಬೆಳೆ. ಶಾಲೆ ತಪ್ಪುತ್ತಿತ್ತು. ಮೇಷ್ಟ್ರು ಹೇಳಿ ಹೇಳಿ ಸಾಕಾಗಿದ್ದರು.

ಮಾತು ತೆಗೆದದ್ದು ಅತ್ತೆ.

“ಏಮಮ್ಮಾ, ಇದ್ರಲ್ಲಿ ಯೋಚ್ನೆ ಮಾಡೋದೇನೈತೆ? ಮಗೂಗೆ ಉಬ್ಸ ತಪ್ಪುತ್ತೆ, ಇಲ್ಲೇ ಸ್ಕೂಲಿಗ್ ಹೋಗುತ್ತೆ, ನಿನ್ ಮಡ್ಲೂ ತುಂಬುತ್ತೆ. ಸುಜಾತಂಗೆ ಹೆಂಗೂ ಗಂಡೊಂದೈತೆ.”

ಸುಜಾತ ನನ್ನ ಓರಗಿತ್ತಿ, ಪಾವನಿಯ ತಾಯಿ. ಅತ್ತೆಯ ಲೆಕ್ಕದಲ್ಲಿ ತಪ್ಪು ಹುಡುಕಲು ಯಾರಿಗೂ ಆಗಲಿಲ್ಲ. ನನಗಂತೂ ಹುಡುಕುವ ಮನಸ್ಸೂ ಇರಲಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷವಾದವಳ ಮನೆಯಲ್ಲಿ ಹೇರ್‌ಬ್ಯಾಂಡೊಂದು ಕನ್ನಡಿಯ ಮುಂದೆ ಬಿದ್ದಿದ್ದರೆ ಹೇಗಿರುತ್ತದೆ ಎಂಬುದು ಮಕ್ಕಳಿರುವವರಿಗೆ ಹೇಳಿದರೆ ಅರ್ಥವಾಗುವುದಿಲ್ಲ.

ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವು ನೋಡಿ ಭಾನುವಾರ ಗೊತ್ತುಮಾಡಿದರು. ಪಂಚಾಂಗ ನೋಡಿದರು, ರಾಹುಕಾಲ ನೋಡಿದರು, ನಮ್ಮ ಮನೆಯವರಿಗೆ ರಜೆ ಇದೆಯೇ ನೋಡಿದರು. ಪಾವನಿಗೆ ಹೊಸ ಲಂಗ ಹೊಲಿಸಿ, ಇದೊಂದು ಶಾಸ್ತ್ರ ಎಂದರು. ಸುಜಾತ ಅವಳನ್ನು ನನ್ನ ಮಡಿಲಲ್ಲಿ ಕೂರಿಸಿ, ಅಕ್ಕಿ ಬೆಲ್ಲ ಇಟ್ಟು, ಸಿನಿಮಾದ ಮಾತನ್ನೇ ಹೇಳಿದಳು. ಬೇರೆ ಮಾತು ಅವಳಿಗಾದರೂ ಯಾರು ಹೇಳಿಕೊಟ್ಟಿದ್ದರು? ಎಲ್ಲರೂ ಅತ್ತರು. ಒಂಬತ್ತು ವರ್ಷದ ಹುಡುಗಿ ಮಡಿಲಲ್ಲಿ ಹಿಡಿಸುವುದಿಲ್ಲ. ನೋಡಿದವರಿಗೆ ಅವಳು ನನ್ನ ತೊಡೆಯ ಮೇಲೆ ಕೂತ ಹಾಗೆ ಕಾಣುತ್ತಿತ್ತು. ನನಗೊಬ್ಬಳಿಗೆ ಗೊತ್ತು, ತನ್ನ ಭಾರ ನನ್ನ ಮೇಲೆ ಬೀಳದಂತೆ ಅವಳು ಕಾಲಬೆರಳು ನೆಲಕ್ಕೂರಿ, ಕೂತೂ ಕೂರದ ಹಾಗೆ ಇದ್ದಳು. ಫೋಟೊ ತೆಗೆಯುವವರೆಗೂ ಹಾಗೇ ಇದ್ದಳು. ಕಾಲು ನಡುಗುತ್ತಿತ್ತು.

ಸಂಜೆ ಅಪ್ಪ ಅಮ್ಮ ತಮ್ಮ ಹೊರಟು ನಿಂತಾಗ ಅವಳು ಅತ್ತೆಯನ್ನು ಕೇಳಿದಳು.

“ಅಜ್ಜಿ, ಊರಲ್ಲಿ ಈಗ ಹುಳು ಇಲ್ವಲ್ಲಾ? ನಾನ್ಯಾಕೆ ಇಲ್ಲಿರೋದು?”

“ಇನ್ನೇನು ಬರ್ತವೆ ಕಣಮ್ಮ. ನಾಳೇನೋ ನಾಡಿದ್ದೋ.”

ಅಷ್ಟಕ್ಕೆ ಅವಳಿಗೆ ಸಮಾಧಾನವಾಯಿತು. ಹುಳು ಬರುತ್ತವೆ ಎಂದಮೇಲೆ ಹೋಗಲೂಬೇಕಲ್ಲ. ಆಮೇಲೆ ಅಪ್ಪ ಬರುತ್ತಾನೆ. ಅವಳು ಹುಟ್ಟಿ ಬೆಳೆದ ಮನೆಯ ಗಡಿಯಾರವೇ ಅದು.

ಹುಳು ಬಂದವು. ಅವಳು ನನ್ನ ಫೋನಿನಲ್ಲಿ ಅಪ್ಪನನ್ನು ಕೇಳುತ್ತಿದ್ದದ್ದು ಒಂದೇ ವಿಚಾರ: ಹುಳು ಈಗ ಎಷ್ಟನೇ ಜ್ವರದಲ್ಲಿವೆ? ಪೊರೆ ಬಿಡುವ ಮೊದಲು ಹುಳು ಸೊಪ್ಪು ತಿನ್ನದೆ ತಲೆಯೆತ್ತಿ ಮಲಗುವುದಕ್ಕೆ ಅವರಲ್ಲಿ ಜ್ವರ ಎನ್ನುತ್ತಾರೆ. ಮೂರನೇದು ಕಣಮ್ಮ, ಎನ್ನುತ್ತಿದ್ದ ಮುನಿರಾಜು. ನಾಲ್ಕನೇದು ಕಣಮ್ಮ. ಹಣ್ಣಾದವು ಕಣಮ್ಮ, ಇನ್ನು ಗೂಡು ಕಟ್ತವೆ. ಮಗಳಿಗೆ ಸುಳ್ಳು ಹೇಳಿದನೆಂದು ಅವನನ್ನು ಯಾರೂ ಅನ್ನುವಂತಿಲ್ಲ. ಅವಳು ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳುತ್ತಿದ್ದ.

ಗೂಡು ಮಾರ್ಕೆಟ್ಟಿಗೆ ಹೋದ ದಿನ ಅವಳು ಬೆಳಿಗ್ಗೆಯೇ ತಲೆ ಬಾಚಿಸಿಕೊಂಡು, ಚಪ್ಪಲಿ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಳು. ಊಟಕ್ಕೆ ಒಳಗೆ ಬಂದಾಗಲೂ ಚಪ್ಪಲಿ ಬಿಚ್ಚಲಿಲ್ಲ. ಅತ್ತೆ ನೋಡಿಯೂ ಬೈಯಲಿಲ್ಲ. ನಾನು ಹಿತ್ತಲಿಗೆ ಹೋಗಿ ಸುಜಾತಳಿಗೆ ಫೋನ್ ಮಾಡಿದೆ.

“ಇನ್ಮೇಲೆ ಇಲ್ಲೇ ಇರೋದು ಅಂತ ಹೇಳ್ಬಿಡ್ಲೇನೆ ಸುಜಾತ?”

“ಬೇಡಿ ಅಕ್ಕ. ತಾನಾಗೇ ಅಭ್ಯಾಸ ಆಗುತ್ತೆ.”

“ನೀನಾದ್ರೂ ಒಂದ್ಸಲ ಬಂದು ಹೋಗೇ.”

“ಬಂದ್ರೆ ಸೆರಗು ಹಿಡ್ಕೋತಾಳೆ. ಬಿಡಿಸ್ಕೊಂಡು ಬರೋ ಶಕ್ತಿ ನನಗಿಲ್ಲಕ್ಕ. ಅದಕ್ಕೇ ಬರ್ತಿಲ್ಲ.” ಆಮೇಲೆ ಕೇಳಿದಳು, “ಎದೆ ಹೆಂಗೈತೆ ಅವ್ಳಿಗೆ?”

ಚೆನ್ನಾಗಿತ್ತು. ಅದೇ ತೊಂದರೆ. ಉಬ್ಬಸವಿರಲಿಲ್ಲ, ಹೊಸ ಶಾಲೆಯಲ್ಲಿ ಹೆಸರು ಬರೆಸಿ ಆಗಿತ್ತು, ಕೆನ್ನೆ ತುಂಬಿಕೊಂಡಿತ್ತು. ಎಲ್ಲರೂ ಹೇಳಿದ್ದೆಲ್ಲ ಹೇಳಿದ ಹಾಗೇ ಆಗುತ್ತಿತ್ತು. ಕತ್ತಲಾದ ಮೇಲೆ ಅವಳೇ ಎದ್ದು ಬಂದು ಚಪ್ಪಲಿ ಬಿಚ್ಚಿಟ್ಟಳು.

ಮುಂದಿನ ಬೆಳೆಗೆ ಅವಳು ಎಷ್ಟನೇ ಜ್ವರ ಎಂದು ಕೇಳಲಿಲ್ಲ.

ಅತ್ತೆಗೆ ಖುಷಿ. “ನೋಡ್ದಾ? ಒಗ್ಗಿಕೊಂಡ್ಳು.” ನಾನೂ ಆ ದಿನಕ್ಕೇ ಕಾದಿದ್ದೆ, ಸುಳ್ಳೇಕೆ. ಆದರೆ ಬಂದಾಗ ಅದು ನಾನು ಅಂದುಕೊಂಡ ಹಾಗಿರಲಿಲ್ಲ. ಹುಡುಗಿ ಹಾಕಿದ್ದು ಉಣ್ಣುತ್ತಿದ್ದಳು, ಕರೆದರೆ ಬರುತ್ತಿದ್ದಳು, ಮಧ್ಯಾಹ್ನದ ಚಿತ್ರದ ಮುಂದೆ ನಮ್ಮಿಬ್ಬರ ನಡುವೆ ಅಲ್ಲಾಡದೆ ಕೂರುತ್ತಿದ್ದಳು. ‘ಗುಡ್ ಗರ್ಲ್’ ಎಂದು ನನ್ನ ಬಾಯಿಗೇ ಬಂದದ್ದು ಅಲ್ಲೇ ನಿಂತಿತು.

ಅವರೆಕಾಯಿಯ ಕಾಲ. ಅತ್ತೆ ಯಾರದೋ ನಾಮಕರಣಕ್ಕೆ ಹೋಗಿದ್ದರು. ನಾವಿಬ್ಬರೂ ಹಜಾರದಲ್ಲಿ ಮೊರ ನಡುವೆ ಇಟ್ಟುಕೊಂಡು ಕಾಯಿ ಬಿಡಿಸುತ್ತಿದ್ದೆವು. ಮುಖ ನೋಡಿ ಕೇಳುವ ಧೈರ್ಯವಿರಲಿಲ್ಲ. ಮೊರ ನೋಡಿಕೊಂಡೇ ಕೇಳಿದೆ.

“ಪಾವನಿ, ನಿಂಗೆ ಎಲ್ಲಿರಕ್ಕೆ ಇಷ್ಟ? ಇಲ್ಲೋ, ಊರಲ್ಲೋ?”

ಅವಳ ಕೈ ನಿಂತಿತು.

“ಯಾರು ಕೇಳಕ್ಕೆ ಹೇಳಿದ್ದು ದೊಡ್ಡಮ್ಮ?”

“ಯಾರೂ ಹೇಳಿಲ್ಲಮ್ಮ. ನಾನೇ ಕೇಳ್ತಿದೀನಿ.”

“ಅಜ್ಜಿಗೆ ಗೊತ್ತಾ?”

“ಗೊತ್ತಿಲ್ಲ.”

ಅವಳು ಮತ್ತೆರಡು ಕಾಯಿ ಬಿಡಿಸಿದಳು. ಹುಳುಕು ಕಾಳನ್ನು ಆರಿಸಿ ಪಕ್ಕಕ್ಕಿಟ್ಟಳು. “ಊರಲ್ಲಿ,” ಎಂದಳು. ಆಮೇಲೆ, “ನಿಮಗೆ ಬೇಜಾರಾಗುತ್ತಲ್ವಾ?”

“ಆಗುತ್ತೆ.”

“ಎಷ್ಟು?”

ಇಂಥ ಪ್ರಶ್ನೆಗೆ ಕಾನ್ವೆಂಟಿನಲ್ಲಿ ಉತ್ತರ ಕಲಿಸಿರಲಿಲ್ಲ. “ಸ್ವಲ್ಪ ಜಾಸ್ತೀನೆ,” ಎಂದೆ.

“ಹಂಗಾದ್ರೆ ಹುಳು ಬಂದಾಗ ಬರ್ತೀನಿ,” ಎಂದಳು ಪಾವನಿ. ಕೊಡಲು ಅವಳ ಹತ್ತಿರ ಇದ್ದದ್ದು ಅಷ್ಟೇ. ಅದನ್ನು ಕೊಟ್ಟಳು.

ಪಾವನಿಯನ್ನು ಊರಿಗೆ ಬಿಟ್ಟುಬರುತ್ತೇನೆ ಎಂದು ರಾತ್ರಿ ಊಟಕ್ಕೆ ಬಡಿಸುವಾಗ ನಮ್ಮ ಮನೆಯವರಿಗೆ ಹೇಳಿದೆ. ಅವರು ಮುದ್ದೆ ಮುರಿಯುತ್ತಲೇ, “ನೀನು ತಡ್ಕೋತೀಯಾ?” ಎಂದು ಕೇಳಿದರು. ಅತ್ತೆಗೆ ಬೆಳಿಗ್ಗೆ ಹೇಳಿದ್ದು. ಅವರು ಬೈದದ್ದನ್ನೆಲ್ಲ ಇಲ್ಲಿ ಬರೆಯಲಾಗದು. ಬರೆಯಬಹುದಾದದ್ದು ಇಷ್ಟು: “ಮಡ್ಲಿಗೆ ಬಿದ್ದಿದ್ದನ್ನ ಎತ್ತಿ ವಾಪಸ್ ಕೊಡೋ ಪೆದ್ದೀನ ನಾನು ಯಾವ ಸಿನಿಮಾದಲ್ಲೂ ನೋಡಿಲ್ಲ ಕಣೇ.” ನಾನೂ ನೋಡಿಲ್ಲ.

ದಿಬ್ಬೂರಹಳ್ಳಿಯಲ್ಲಿ ಬಸ್ಸಿಳಿದು ಹೋದಾಗ ಸುಜಾತ ಮನೆಯ ಮುಂದೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ತೊಳೆದು ಬಿಸಿಲಿಗೆ ಒರಗಿಸುತ್ತಿದ್ದಳು. ಗಾಳಿಯಲ್ಲಿ ಬ್ಲೀಚಿಂಗ್ ಪೌಡರಿನ ವಾಸನೆ. ಪಾವನಿ ನನ್ನ ಕೈ ಬಿಟ್ಟು ಓಡಲಿಲ್ಲ. ನಡೆದೇ ಹೋಗಿ ಅಮ್ಮನ ಪಕ್ಕ ನಿಂತಳು. ಸುಜಾತ ಒದ್ದೆ ಕೈಯನ್ನು ಸೀರೆಗೆ ಒರೆಸಿ ಒರೆಸಿ, ಕೊನೆಗೆ ಒದ್ದೆಯಲ್ಲೇ ಅವಳ ತಲೆ ಮುಟ್ಟಿದಳು.

“ಉಬ್ಸ ಬಂದ್ರೆ ಏನೇ ಮಾಡ್ತೀಯ?”

“ದೊಡ್ಡಮ್ಮನ ಮನೆಗೆ ಹೋಗ್ತೀನಿ. ಆಮೇಲೆ ಬರ್ತೀನಿ.” ಅಷ್ಟರಲ್ಲೇ ಅವಳಿಗೆ ಒಂದು ಕೆಮ್ಮು ಬಂತು. ತಾಯಿ ಮಗಳು ಇಬ್ಬರೂ ನನ್ನ ಕಡೆ ನೋಡಿದರು. ನಾನು ಮಜ್ಜಿಗೆ ಕೇಳಿದೆ.

ಏನೂ ಸರಿಹೋಗಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಶಾಲೆ ಮತ್ತೆ ತಪ್ಪುತ್ತಿದೆ. ಎದೆ ಮತ್ತೆ ಕಟ್ಟುತ್ತಿದೆ. ನಾನು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಎದೆಯ ಡಾಕ್ಟರನ್ನು ಕೇಳಿದರೆ ಕೆಟ್ಟದ್ದೇ ಎಂದಾರು. ಅತ್ತೆ ಈಗ ಚಿತ್ರ ನೋಡುವಾಗ ನನ್ನಿಂದ ಸ್ವಲ್ಪ ದೂರ ಕೂರುತ್ತಾರೆ. ಎಲೆಅಡಿಕೆ ತಟ್ಟೆ ಮಾತ್ರ ನಡುವೆಯೇ ಇದೆ.

ಹುಳು ಬಂದಾಗ ಪಾವನಿ ಬರುತ್ತಾಳೆ, ಮಾತು ಕೊಟ್ಟ ಹಾಗೆ. ಮೊನ್ನೆ ಬಂದಾಗ ಅವಳ ಬಟ್ಟೆಗಳನ್ನು ತೆಗೆದು ಬೀರುವಿನಲ್ಲಿ ಜೋಡಿಸಲು ಹೋದೆ. ಅವಳು ಬಂದು ನನ್ನ ಕೈ ಹಿಡಿದಳು. “ಬೇಡ ದೊಡ್ಡಮ್ಮ. ಬ್ಯಾಗಲ್ಲೇ ಇರ್ಲಿ,” ಎಂದಳು. ಜೋರಾಗಿಯಲ್ಲ, ಬೇಜಾರಾಗಿಯೂ ಅಲ್ಲ. ಪರಸ್ಥಳದಲ್ಲಿ ದೊಡ್ಡವರು ಎಚ್ಚರದಿಂದ ಇರುತ್ತಾರಲ್ಲ, ಹಾಗೆ. ಇರಲಿ ಎಂದೆ. ಆದರೆ ಬ್ಯಾಗಿನಲ್ಲಿ ಮಡಿಚಿಟ್ಟ ಲಂಗಗಳೆಲ್ಲ ಸುಕ್ಕಾಗುತ್ತವೆ. ಹಾಗಾಗಿ ದಿನಕ್ಕೊಂದನ್ನು ಕೇಳಿ ತೆಗೆದುಕೊಂಡು, ಇಸ್ತ್ರಿ ಮಾಡಿ, ಮತ್ತೆ ಬ್ಯಾಗಿನಲ್ಲೇ ಇಡುತ್ತೇನೆ. ಅಷ್ಟಕ್ಕೆ ಒಪ್ಪಿದ್ದಾಳೆ.