ಹೊನ್ನಯ್ಯನ ಮೂಗು

ಹೊನ್ನಯ್ಯನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಅವನನ್ನು ಮೊದಲು ಕಳ್ಳ ಎಂದವನು ನಾನೇ.

ಹೆಬ್ಬೂರು ದಾಟಿದರೆ ನಮ್ಮೂರು. ಅಲ್ಲಿನ ಹಾಲಿನ ಡೇರಿಗೆ ನಾನು ಸೆಕ್ರೆಟರಿಯಾಗಿದ್ದೆ, ಹೊನ್ನಯ್ಯ ಟೆಸ್ಟರ್. ಹಾಲಿನ ಗಟ್ಟಿತನ ಅಳೆಯುವ ಲ್ಯಾಕ್ಟೋಮೀಟರ್ ಇತ್ತು, ಕೊಬ್ಬು ನೋಡುವ ಮೆಷೀನ್ ಇತ್ತು, ಅವೆಲ್ಲಕ್ಕಿಂತ ಮೊದಲು ಅವನ ಮೂಗಿತ್ತು. ಕ್ಯಾನಿನ ಮುಚ್ಚಳ ತೆಗೆದು ಒಂದು ಸಲ ಮೂಸಿ, "ರಂಗಲಕ್ಷ್ಮಮ್ಮ, ನಿನ್ ಹಸ ಬೇವಿನ್ ಸೊಪ್ಪು ತಿಂದೈತೆ" ಎನ್ನುತ್ತಿದ್ದ. "ಕ್ಯಾನ್ ತೊಳ್ದಿಲ್ಲ, ವಾಪಸ್ ತಗಂಡೋಗು" ಎಂದರೆ ಯಾರೂ ಎದುರಾಡುತ್ತಿರಲಿಲ್ಲ. ಹೆಂಡತಿ ಲಕ್ಷ್ಮೀದೇವಮ್ಮ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಅವನಿಗೆ ಡೇರಿಯೇ ಮನೆ. ಎಲ್ಲರಿಗಿಂತ ಮೊದಲು ಬಂದು ಎಲ್ಲರೂ ಹೋದ ಮೇಲೆ ಹೋಗುತ್ತಿದ್ದ. ನಮ್ಮಿಬ್ಬರದೂ ಒಂದೇ ವಯಸ್ಸು, ಒಂದೇ ಬೀಡಿ ಕಟ್ಟು.

ಒಂಬತ್ತು ವರ್ಷದ ಹಿಂದಿನ ಬೇಸಿಗೆ. ಹುಳಿ ತಿರುಗಿದ ಎರಡು ಕ್ಯಾನ್ ಹಾಲನ್ನು ಅವನು ಪಾಸ್ ಮಾಡಿಬಿಟ್ಟ. ಅದು ಉಳಿದದ್ದರ ಜೊತೆ ಸೇರಿ ಇಡೀ ಊರಿನ ಹಾಲು ಕೆಟ್ಟಿತು. ಆ ಕ್ಯಾನುಗಳ ತಳಕ್ಕೆ ಮೂಗಿಟ್ಟರೆ ನನಗೇ ತಲೆ ತಿರುಗುವಷ್ಟು ನಾತ. ಸಿಟ್ಟು ಬಂದರೆ ನನಗೆ ಹಿಂದುಮುಂದು ಕಾಣುವುದಿಲ್ಲ. ಸಾಲು ನಿಂತ ಜನರೆದುರೇ ಕೂಗಿದೆ.

"ಕಳ್ಳ ನನ್ಮಗ್ನೆ, ಯಾರ ಹತ್ರ ಕಾಸು ತಿಂದೆ ಬೊಗಳ್ಲಾ!"

"ನಂಗೆ ವಾಸ್ನೆ ಬರ್ಲಿಲ್ಲ ಕಣೋ ಗಂಗಾಧರ," ಎಂದ.

"ನಿನ್ ಮೂಗಿಗಾ? ಯಾರ ಕಿವಿ ಮೇಲೆ ಹೂ ಇಡ್ತೀಯಾ?"

ಜನ ನಕ್ಕರು. ಅವನು ಲ್ಯಾಕ್ಟೋಮೀಟರನ್ನು ಒರೆಸಿ ಮೇಜಿನ ಮೇಲಿಟ್ಟು ಹೊರಟುಹೋದ. ಆಮೇಲೆ ಡೇರಿಯ ಮುಂದೆ ಹಾಯಲಿಲ್ಲ. ಅಂಗಡಿಗೆ ಹೋಗಬೇಕಾದರೂ ಕೆರೆ ಏರಿ ಸುತ್ತಿಕೊಂಡು ಹೋಗುತ್ತಿದ್ದ. ನಾನೂ ಮಾತು ಬಿಟ್ಟೆ.

ಈ ವರ್ಷ ತುಮಕೂರಿನ ಆಸ್ಪತ್ರೆಯಿಂದ ತನುಶ್ರೀ ಎಂಬ ಡಾಕ್ಟರ್ ಹುಡುಗಿ ಫೋನ್ ಮಾಡಿದಳು, ಗುಬ್ಬಿಯವಳು. ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಯ ಮೇಲೆ ಸಂಶೋಧನೆಯಂತೆ. ಕಾಯಿಲೆಯವರ ಜೊತೆ ಹೋಲಿಸಿ ನೋಡಲು ಅದೇ ಸೀಮೆಯ, ಅದೇ ವಯಸ್ಸಿನ ಗಟ್ಟಿಮುಟ್ಟಾದವರೂ ಬೇಕಂತೆ. ರಕ್ತಪರೀಕ್ಷೆ ಪುಕ್ಕಟೆ ಎಂದಳು, ಹೋದೆ. ಸುಳ್ಳೇಕೆ ಹೇಳಲಿ.

ಅಲ್ಲಿ ಬೆಂಚಿನ ಮೇಲೆ ಹೊನ್ನಯ್ಯ! ಬಲಗೈ ತೊಡೆಯ ಮೇಲೆ ತಾನೇ ತಾನಾಗಿ ನಡುಗುತ್ತಿತ್ತು. ನನ್ನನ್ನು ಕಂಡು ಮುಖ ತಿರುಗಿಸಿದ. ನಾನೂ ಗೋಡೆಯ ಕ್ಯಾಲೆಂಡರ್ ಓದುತ್ತಾ ನಿಂತೆ.

ನನ್ನನ್ನು ಒಳಗೆ ಕರೆದು ನಡೆಸಿ ನೋಡಿದರು, ಹೆಬ್ಬೆರಳಿಗೆ ತೋರುಬೆರಳು ತಟ್ಟಿಸಿ ನೋಡಿದರು. ಕೊನೆಗೆ ಹನ್ನೆರಡು ಪುಟ್ಟ ಸೀಸೆ. ಕಣ್ಣು ಮುಚ್ಚಿಕೊಂಡು ಮೂಸಿ ಏನೆಂದು ಹೇಳಬೇಕು. ಕಾಫಿಪುಡಿ, ಕರ್ಪೂರ, ಇಂಗು, ಮಲ್ಲಿಗೆ, ಹೀಗೆ ಹನ್ನೊಂದು ಸರಿ ಹೇಳಿ ಬೀಗಿದೆ. ನಾನು ಹೊರಬಂದು ಚಪ್ಪಲಿ ಹಾಕಿಕೊಳ್ಳುವಾಗ ಪರದೆಯಾಚೆ ಹೊನ್ನಯ್ಯನ ಸರದಿ.

"ಇದೇನು ತಾತ?" ತನುಶ್ರೀ ಕೇಳುತ್ತಿದ್ದಳು.

"ಏನೂ ವಾಸ್ನೆ ಬರಲ್ಲ ಕಣವ್ವ." ಹನ್ನೆರಡಕ್ಕೂ ಅದೇ ಉತ್ತರ.

"ಇಂಗೂ ಗೊತ್ತಾಗ್ತಿಲ್ವಾ? ಯಾವಾಗಿಂದ ಹೀಗೆ?"

"ಡೇರಿ ಬಿಡೋಕ್ ಮುಂಚೇನೇ ಹೋಗಿತ್ತು ಅನ್ಸುತ್ತೆ. ಮನೇಲಿ ನಾನೊಬ್ನೇ. ಸೀದೋಯ್ತು, ಹಳಸೋಯ್ತು ಅಂತ ಬಯ್ಯೋರೇ ಇಲ್ದಿದ್ರೆ ಮೂಗು ಹೋಗಿದ್ದು ಹೆಂಗವ್ವ ಗೊತ್ತಾಗುತ್ತೆ?"

"ಈ ಕಾಯಿಲೇಲಿ ಸುಮಾರು ಜನಕ್ಕೆ ಹಂಗೇ ತಾತ. ಕೈ ನಡುಗೋಕೆ ಎಷ್ಟೋ ವರ್ಷ ಮುಂಚೇನೇ ವಾಸನೆ ಹೋಗಿರುತ್ತೆ. ಅದನ್ನೇ ನಾವು ನೋಡ್ತಿರೋದು."



"ಹಂಗಾದ್ರೆ ಒಂದು ಚೀಟೀಲಿ ಬರ್ದುಕೊಡವ್ವ. ಹೊನ್ನಯ್ಯ ಕಾಸು ತಿಂದಿರ್ಲಿಲ್ಲ, ಮೂಗು ಹೋಗಿತ್ತು ಅಂತ. ಊರಲ್ಲಿ ತೋರಿಸ್ಬೇಕು."

"ಅಯ್ಯೋ ತಾತ, ಆಗ ನಿಮ್ಮನ್ನ ಯಾರೂ ಟೆಸ್ಟ್ ಮಾಡಿಲ್ವಲ್ಲ. ಈಗ ಹೇಗೆ ಬರ್ಕೊಡ್ಲಿ?"

ನನ್ನ ಒಂದು ಚಪ್ಪಲಿ ಇನ್ನೂ ಕೈಯಲ್ಲೇ ಇತ್ತು. ಅದರಿಂದಲೇ ನನಗೆ ಹೊಡೆದುಕೊಳ್ಳಬೇಕು ಅನ್ನಿಸಿತು. ಅವನು ಅಂದೇ ನಿಜ ಹೇಳಿದ್ದ. ಆ ಚೀಟಿಯನ್ನು ಡಾಕ್ಟರು ಬರೆಯಲಾರರು, ನಾನೇ ಬಾಯಿ ಬಿಡಬೇಕಿತ್ತು.

ಮರುದಿನ ಬೆಳಗ್ಗೆ ಡೇರಿಯ ಸಾಲಿನ ಮುಂದೆ ನಿಂತೆ. ವಾಸನೆ ಬರಲಿಲ್ಲ ಎಂದು ಹೊನ್ನಯ್ಯ ಹೇಳಿದ್ದು ನಿಜ, ಅವನು ಯಾರ ಹತ್ತಿರವೂ ಕಾಸು ತಿಂದಿರಲಿಲ್ಲ, ತಪ್ಪು ನನ್ನದು ಎಂದು ಗಟ್ಟಿಯಾಗಿ ಹೇಳಿದೆ. ರಂಗಲಕ್ಷ್ಮಮ್ಮ "ಅಯ್ಯೋ ಪಾಪ" ಎಂದು ಕ್ಯಾನ್ ಮುಂದೆ ತಳ್ಳಿದಳು. ಮಿಕ್ಕವರಿಗೆ ಆ ವಿಷಯ ಮರೆತೇಹೋಗಿತ್ತು. ಇವರಿಗೆ ಮುಖ ತೋರಿಸಲಾರದೆ ಅವನು ಒಂಬತ್ತು ವರ್ಷ ಕೆರೆ ಏರಿ ಸುತ್ತಿದ್ದ!

ನೆಟ್ಟಗೆ ಅವನ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಹೇಳಿದೆ. "ನೀನ್ ಕಾಸು ತಿಂದಿರ್ಲಿಲ್ಲ ಅಂತ ಡೇರಿ ಸಾಲಲ್ಲಿ ನಿಂತು ಎಲ್ರ ಮುಂದೆ ಹೇಳ್ಬಿಟ್ಟೆ ಕಣ್ಲಾ. ತಪ್ಪಾಯ್ತು."



"ನೀನಾದ್ರೂ ಅವತ್ತು ನಂಬಬೋದಿತ್ತು," ಎಂದ.

ಅವನು ಒಳಗೆ ಹೋಗಿ ಸಾರಿನ ಪಾತ್ರೆ ತಂದ. ಕೈ ನಡುಗಿ ಮುಚ್ಚಳ ಲಟಲಟ ಎನ್ನುತ್ತಿತ್ತು. ನನ್ನ ಮುಂದೆ ಹಿಡಿದು, "ನೋಡು, ಉಣ್ಬೋದಾ?" ಎಂದ.

ಮುಚ್ಚಳ ತೆಗೆದರೆ ಮೂಗಿಗೆ ಹೊಡೆಯುವಂಥ ಹಳಸಲು ನಾತ.

"ಯಾವತ್ತಿಂದು ಹೊನ್ನ ಇದು?"

"ಮೊನ್ನೇದು. ರಾತ್ರಿನೂ ಇದ್ನೇ ಉಂಡೆ."